ರಿಟ್ ಹಾಕೋ ಮುಂಚೆ ಸ್ವೀಕೃತಿ ಇದೆಯಾ ನೋಡ್ಕೊಳ್ಳಿ

ಪೋಡಿಗಾಗಿ ಎರಡು ವರ್ಷ ತಾಲ್ಲೂಕು ಕಚೇರಿಗೆ ಅಲೆದೆ. ಸಿಟ್ಟು ನೆತ್ತಿಗೇರಿ ವಕೀಲರ ಹತ್ರ ಹೋಗಿ, ‘ಹೈಕೋರ್ಟಿಗೆ ಹಾಕಿ ಸಾರ್’ ಅಂದೆ. ‘ಮನವಿ ಎಲ್ಲಿ, ಸೀಲು ಬಿದ್ದ ಸ್ವೀಕೃತಿ ಎಲ್ಲಿ?’ ಅಂದ್ರು. ನನ್ನ ಹತ್ರ ಇದ್ದದ್ದು ಬಸ್ ಟಿಕೆಟ್ ಮಾತ್ರ.

ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್ ಅಧಿಕಾರಿಗೆ ‘ನಿಮ್ಮ ಕೆಲಸ ಮಾಡಿ’ ಎಂದು ಆದೇಶಿಸಬಹುದು. ಇದೇ ಮ್ಯಾಂಡಮಸ್. ಆದರೆ ಆ ಕೆಲಸ ಕಾನೂನು ಅವರ ಮೇಲೆ ಹೊರಿಸಿದ ಕರ್ತವ್ಯವಾಗಿರಬೇಕು, ಕೇಳುವ ಹಕ್ಕು ನಮಗಿರಬೇಕು. ನಾವು ಕೇಳಿದ್ದು, ಅವರು ಆಗಲ್ಲ ಅಂದದ್ದು ಅಥವಾ ಉತ್ತರವನ್ನೇ ಕೊಡದಿದ್ದದ್ದು ದಾಖಲೆಯಲ್ಲಿ ಕಾಣಬೇಕು. ಮೇಲ್ಮನವಿಯ ದಾರಿ ಇದ್ದರೆ ಕೋರ್ಟ್ ಸಾಮಾನ್ಯವಾಗಿ ಅಲ್ಲಿಗೇ ಕಳಿಸುತ್ತೆ. ತುಂಬಾ ತಡವಾದರೂ ಕಷ್ಟ.

ನನ್ನ ತಕರಾರು ಇಲ್ಲೇ. ಕಚೇರಿಯಲ್ಲಿ ‘ನಾಳೆ ಬಾ’ ಅನ್ನೋದೆಲ್ಲ ಬಾಯಿಮಾತು, ನಮ್ಮಿಂದ ಮಾತ್ರ ಕಾಗದ ಬೇಕು. ಹಾಗಂತ ಗೊಣಗಿದರೆ ಪೋಡಿ ಆಗಲ್ಲವಲ್ಲ! ಟಪಾಲು ವಿಭಾಗದಲ್ಲಿ ಮನವಿ ಕೊಟ್ಟು, ಪ್ರತಿಗೆ ಸೀಲು, ತಾರೀಖು ಹಾಕಿಸಿ, ಅಲ್ಲೇ ಮೊಬೈಲಲ್ಲಿ ಫೋಟೊ ತೆಗೀರಿ. ಸರ್ವೆ ನಂಬರ್, ವಿಸ್ತೀರ್ಣ ಸ್ಪಷ್ಟವಾಗಿ ಬರೀರಿ. ಯಾಕಂದ್ರೆ ಕೋರ್ಟ್ ಎಷ್ಟೋ ಸಲ ‘ಪೋಡಿ ಮಾಡಿಕೊಡಿ’ ಅನ್ನಲ್ಲ, ‘ಇಷ್ಟು ವಾರದೊಳಗೆ ಮನವಿ ಪರಿಗಣಿಸಿ ತೀರ್ಮಾನಿಸಿ’ ಅಂತಷ್ಟೇ ಹೇಳುತ್ತೆ. ಆಗ ಅಧಿಕಾರಿ ಎದುರು ಇರೋದು ನಿಮ್ಮ ಆ ಒಂದು ಹಾಳೆ.