ಕಾಡಿನ ಗುಂಡಿಗೆ ಇಳಿಯುವ ಮುನ್ನ ಊರಿನವರನ್ನು ಕೇಳಿ

ದೀಪಾವಳಿ ಕಳೆದು ಮಳೆ ಹಿಂದೆ ಸರಿಯುತ್ತಿದ್ದಂತೆ ಮೊಬೈಲಿನಲ್ಲಿ ಒಂದೇ ಬಗೆಯ ವಿಡಿಯೊಗಳು ಓಡಾಡತೊಡಗುತ್ತವೆ. ಕಾಡಿನ ನಡುವೆ ಹಸಿರು ನೀರಿನ ಗುಂಡಿ, ಬಂಡೆಯ ಮೇಲಿಂದ ಹಾರುವ ಹುಡುಗ, ಕೆಳಗೆ ‘ಐನೂರು ರೂಪಾಯಿಗೆ ಸ್ವರ್ಗ’ ಎಂಬ ಸಾಲು. ನೋಡಿದವರು ಮುಂದಿನ ಭಾನುವಾರವೇ ಬೈಕ್ ಏರುತ್ತಾರೆ. ದಾರಿ ಎಲ್ಲಿದೆ ಎಂದು ಮೊಬೈಲ್ ಹೇಳುತ್ತದೆ. ನೀರು ಎಷ್ಟು ಆಳವಿದೆ ಎಂದು ಹೇಳುವುದಿಲ್ಲ.

ಹೋಗಬೇಡಿ ಎನ್ನುವವರು ನಾವಲ್ಲ. ಅಂಕೋಲಾ ತಾಲ್ಲೂಕಿನ ಅಚವೆ ಭಾಗದ ವಿಭೂತಿ ಜಲಪಾತ, ಯಲ್ಲಾಪುರದ ಸಾತೊಡ್ಡಿ, ಸಿದ್ದಾಪುರದ ಬುರುಡೆ, ಹೆಬ್ರಿ ಕಡೆಯ ಕೂಡ್ಲು ತೀರ್ಥ ಇವೆಲ್ಲ ನಮ್ಮವೇ. ರೆಸಾರ್ಟಿಗೆ ದುಡ್ಡಿರುವವರು ಮಾತ್ರ ನೋಡಬೇಕು ಎಂಬ ಕಾನೂನಿಲ್ಲ. ಹೊಲದ ಕೆಲಸ ಮುಗಿಸಿದ ನಾಲ್ಕು ಗೆಳೆಯರು, ಸ್ವಸಹಾಯ ಸಂಘದ ಹೆಂಗಸರು ಕೂಡ ಒಂದು ದಿನ ತಣ್ಣಗೆ ಕಾಲು ಇಳಿಬಿಟ್ಟು ಕೂರಬೇಕು. ಆದರೆ ಅಗ್ಗದ ಪ್ರವಾಸ ಎಂದರೆ ಏನನ್ನು ಉಳಿಸುವುದು, ಏನನ್ನು ಉಳಿಸಬಾರದು ಎಂಬುದೇ ನಮ್ಮ ತಕರಾರು.

ಉಳಿಸುವ ದಾರಿ ಬೇಕಾದಷ್ಟಿದೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ದರವಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಸಾಕು. ರಾಜಹಂಸ, ಎಸಿ, ಸ್ಲೀಪರ್‌ಗಳಿಗೆ ಇದು ಅನ್ವಯಿಸದು. ಕರಾವಳಿ ಕಡೆಯಿಂದ ಬರುವವರಿಗೆ ಕೊಂಕಣ ರೈಲಿನ ಕುಮಟಾ, ಅಂಕೋಲಾ ನಿಲ್ದಾಣಗಳಿವೆ. ಮುಖ್ಯ ರಸ್ತೆಯಿಂದ ಒಳಗೆ ಹೋಗಲು ಐದಾರು ಜನ ಸೇರಿ ಆಟೊ ಹಿಡಿದರೆ ಹೊರೆಯಾಗದು. ಇಳಿಯುವಾಗಲೇ ಕಂಡಕ್ಟರನ್ನು ಕೇಳಿ ಕೊನೆಯ ಬಸ್ಸಿನ ಹೊತ್ತನ್ನು ಬರೆದಿಟ್ಟುಕೊಳ್ಳಿ. ಒಳಹಳ್ಳಿಗಳಲ್ಲಿ ಸಂಜೆಯ ಬಸ್ಸು ತಪ್ಪಿದರೆ ಉಳಿಸಿದ್ದೆಲ್ಲ ಬಾಡಿಗೆ ಜೀಪಿಗೆ ಹೋಗುತ್ತದೆ.

ಉಳಿಸಬಾರದ ಖರ್ಚು ಒಂದೇ: ಸ್ಥಳೀಯರೊಬ್ಬರ ಜೊತೆ. ಯಾವ ಬಂಡೆ ಜಾರುತ್ತದೆ, ಯಾವ ಮೂಲೆಯಲ್ಲಿ ಸುಳಿಯಿದೆ, ಎಲ್ಲಿಯವರೆಗೆ ಸೊಂಟದ ಮಟ್ಟದ ನೀರು ಎಂಬುದು ಅದೇ ಹಳ್ಳದಲ್ಲಿ ದನ ತೊಳೆದವರಿಗೆ ಗೊತ್ತು. ಅರ್ಧ ದಿನ ಜೊತೆಗೆ ಬಂದವರಿಗೆ ಕೂಲಿ ಕೊಡಿ. ಮೊದಲೇ ಹೇಳಿದರೆ ಅವರ ಮನೆಯಲ್ಲೇ ಊಟವೂ ಸಿಕ್ಕೀತು.

ಜಲಪಾತದ ಕೆಳಗಿನ ಗುಂಡಿಯನ್ನು ಕೆರೆ ಎಂದುಕೊಳ್ಳಬೇಡಿ. ಮೇಲೆ ನಿಂತಂತೆ ಕಂಡರೂ ಬೀಳುವ ನೀರು ಒಳಗೆ ತಿರುಗುತ್ತಲೇ ಇರುತ್ತದೆ, ಈಜು ಬಲ್ಲವರನ್ನೂ ಒಳಕ್ಕೆ ಎಳೆಯುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿದಿದ್ದರೆ ಹಳ್ಳ ಏರುತ್ತದೆ. ನೀರು ಕೆಂಪಾದರೆ, ಎಲೆ ಕಡ್ಡಿ ತೇಲಿ ಬಂದರೆ ಕೂಡಲೇ ದಡ ಹತ್ತಿ. ಮಳೆಗಾಲದಲ್ಲಂತೂ ಇಳಿಯುವ ಮಾತೇ ಬೇಡ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ನೀರು ನೋಡುತ್ತಿದ್ದ ಯುವಕ ಕಾಲು ಜಾರಿ ಕೊಚ್ಚಿಹೋದ ದೃಶ್ಯವನ್ನು ನಾಡೇ ನೋಡಿತು. ಅವನು ಈಜಲೂ ಇಳಿದಿರಲಿಲ್ಲ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿಗಳನ್ನು ನೀವೂ ಓದಿದ್ದೀರಿ. ಹಗ್ಗ, ಪಂಚೆ, ಉದ್ದ ಗಳ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಮೇಲೆ ತಂದವರಿಗೆ ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿ ಇಟ್ಟು ಗಾಳಿ ಕೊಟ್ಟು, ಎದೆ ಒತ್ತಬೇಕು. 112ಕ್ಕೆ ಕರೆ ಮಾಡಬೇಕು. ಹೊಟ್ಟೆ ಒತ್ತಿ, ತಲೆಕೆಳಗು ಮಾಡಿ ಹೊತ್ತು ಕಳೆಯಬೇಡಿ. ಉಪ್ಪಿನ ರಾಶಿಯಲ್ಲಿಟ್ಟರೆ ಜೀವ ಬರುತ್ತದೆ ಎಂಬ ವಾಟ್ಸಾಪ್ ಮಾತು ಶುದ್ಧ ಸುಳ್ಳು.

ಇನ್ನೊಂದು ವಿಷಯ ಪ್ರವಾಸದ ವಿಡಿಯೊಗಳಲ್ಲಿ ಬರುವುದೇ ಇಲ್ಲ. ನೀರು ಇಳಿದು ಗುಂಡಿ ತಿಳಿಯಾಗುವ ತಿಂಗಳುಗಳಲ್ಲೇ ಮಂಗನ ಕಾಯಿಲೆಯ ಕಾಲವೂ ಶುರುವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಸಿದ್ದಾಪುರ ಭಾಗದವರು ಇದರ ನೋವು ಉಂಡಿದ್ದಾರೆ. ಮೈ ತುಂಬ ಬಟ್ಟೆ ಹಾಕಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಈಗ ನಮ್ಮ ಮುಖ್ಯ ಮಾತು. ನಿಮ್ಮ ಅಗ್ಗದ ಪ್ರವಾಸದ ಬಾಕಿ ಬಿಲ್ಲು ಯಾರ ಕೈಗೆ ಹೋಗುತ್ತದೆ? ಮೇಲಿನ ಗುಂಡಿಯಲ್ಲಿ ನೀವು ಶಾಂಪೂ ಹಾಕಿ ಮಿಂದ ನೀರು ಕೆಳಗಿನ ಮನೆಯವರ ತೋಟಕ್ಕೆ, ಕೆಲವೆಡೆ ಹಂಡೆಗೂ ಹೋಗುತ್ತದೆ. ಒಡೆದ ಬಾಟಲಿ ಚುಚ್ಚುವುದು ದನ ಕಾಯುವವರ ಕಾಲಿಗೆ. ಯಾರೋ ಮುಳುಗಿದರೆ ಪೊಲೀಸರು, ಅಗ್ನಿಶಾಮಕದವರು ಬರುವ ಮೊದಲು ನೀರಿಗಿಳಿಯುವುದು ಅದೇ ಊರಿನ ಹುಡುಗರು. ಆಮೇಲೆ ನಿಷೇಧದ ಬೋರ್ಡು ಬಿದ್ದಾಗ ಚಹಾದಂಗಡಿ ಮುಚ್ಚುವುದೂ ಅವರದ್ದೇ.

ನಾವು ಪತ್ರಕರ್ತರೂ ಸಾಚಾಗಳೇನಲ್ಲ. ಬೇಸಿಗೆಯಲ್ಲಿ ‘ಕೈಬೀಸಿ ಕರೆಯುವ ಜಲಪಾತ’ ಎಂದು ಅರ್ಧ ಪುಟ ಬರೆದು, ಸಾವಾದಾಗ ‘ಯುವಕ ನೀರುಪಾಲು’ ಎಂದು ನಾಲ್ಕು ಸಾಲಿಗೆ ಮುಗಿಸುತ್ತೇವೆ. ಅಲ್ಲಿ ಹಗ್ಗವಿತ್ತೇ, ಆಳ ತೋರಿಸುವ ಗುರುತಿತ್ತೇ ಎಂದು ಕೇಳುವುದಿಲ್ಲ.

ಕೇಳಬೇಕು. ಗ್ರಾಮ ಅರಣ್ಯ ಸಮಿತಿಗಳು ಪ್ರವೇಶ ಶುಲ್ಕ ಪಡೆಯುವ ಕಡೆಯಲ್ಲೆಲ್ಲ ಆ ಹಣದಲ್ಲಿ ಒಂದು ಹಗ್ಗ, ಎರಡು ಟ್ಯೂಬು, ಕನ್ನಡದಲ್ಲಿ ಆಳ ಬರೆದ ಫಲಕ, ತರಬೇತಿ ಪಡೆದ ಒಬ್ಬ ಸ್ಥಳೀಯನಿಗೆ ದಿನಗೂಲಿ ಆಗಲೇಬೇಕು. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನವರೇ ಇದನ್ನು ಎತ್ತಲಿ. ಹೋಗುವವರು ಆ ಶುಲ್ಕಕ್ಕೆ ಚೌಕಾಶಿ ಮಾಡದಿರಲಿ.

ಚಾ ಕುಡಿಯಲು ಮೊದಲ ಅಂಗಡಿಯಲ್ಲಿ ನಿಂತಾಗ ‘ಈಗ ನೀರು ಹ್ಯಾಂಗಿದೆ?’ ಎಂದು ಕೇಳಿ. ‘ಬ್ಯಾಡ’ ಎಂದರೆ ಮರುಮಾತಾಡದೆ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿ. ಗುಂಡಿ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.