ಕೊಬ್ಬಿದ ಕರುವಿನ ತೊಡಕು
ಕ್ರೈಸ್ತರ ದೇವರ ವಿಷಯದಲ್ಲಿ ಮಂಡ್ಯ ಸೀಮೆ ಎತ್ತಿದ ಮೊದಲ ಆಕ್ಷೇಪ ದೇವರಿದ್ದಾನೋ ಇಲ್ಲವೋ ಎಂಬುದಲ್ಲ. ಅದು ದನ ತಿಂದು ಹೆಂಡ ಕುಡಿಯುವ ಪರಂಗಿಗಳ ದೇವರೆಂಬುದು. 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಇದಕ್ಕೆ ಸಂನ್ಯಾಸಿಯ ಉಡುಪು ತೊಟ್ಟು, ಮಾಂಸ ಬಿಟ್ಟು ಉತ್ತರ ಕೊಟ್ಟ. ಟಿಪ್ಪುವಿನ ಪತನದ ನಂತರ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್‌ಗೆ ತೊಡಕು ಸುವಾರ್ತೆಯೊಳಗೇ ಎದುರಾಯಿತು. ಮನೆ ಬಿಟ್ಟುಹೋದ ಮಗ ಮರಳಿದಾಗ ತಂದೆ ಕೊಬ್ಬಿದ ಕರುವನ್ನು ಕಡಿಸಿದ ಕಥೆಗೆ ಕ್ರೈಸ್ತ ಕೇಳುಗರೇ ಮುಖ ಸಿಂಡರಿಸಿದರು. ಕರುವಿನ ಬದಲು ಕುರಿಮರಿ ಎನ್ನಿ ಎಂಬ ಸಲಹೆಯೂ ಬಂತು. ಹಿಂದೂಗಳ ಮತಾಂತರ ಆಗದ ಮಾತೆಂದು ದುಬೊಯ್ 1823ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಬರೆದ. ಮರುವರ್ಷ ಇಂಗ್ಲಿಷ್ ಪಾದ್ರಿ ಜೇಮ್ಸ್ ಹಫ್ ಅದನ್ನು ಒಂದು ಪುಸ್ತಕ ಬರೆದೇ ಖಂಡಿಸಿದ. ಊಟದ ಆಕ್ಷೇಪ ಹೀಗಾದರೆ, ದೇವರು ಒಳ್ಳೆಯವನಾದರೆ ನೋವೇಕೆ ಎಂಬ ಲೋಕವೆಲ್ಲ ಕೇಳುವ ಪ್ರಶ್ನೆಗೆ ಮದ್ದೂರು, ಮಳವಳ್ಳಿಯ ರೈತನ ಬಳಿ ಕರ್ಮವೆಂಬ ಸಿದ್ಧ ಉತ್ತರವಿದೆ. ಕ್ರೈಸ್ತ ಚಿಂತಕರು ಮನುಷ್ಯನ ಸ್ವಾತಂತ್ರ್ಯವನ್ನು ಮುಂದಿಡುತ್ತಾರೆ. ಅದು ಕೊಲೆಗೆ ಕಾರಣ ಹೇಳೀತು, ಬರಗಾಲಕ್ಕೆ ಸಾಲದು. ಶಿಲುಬೆಯಲ್ಲಿ ದೇವರೇ ನೋವುಂಡ ಎಂಬುದು ಅವರ ಗಟ್ಟಿಯಾದ ಮಾತು. ಆದರೆ ಅದು ನೋವಿನಲ್ಲಿ ಜೊತೆಗಿರುವವನನ್ನು ತೋರಿಸುತ್ತದೆಯೇ ಹೊರತು ನೋವಿನ ಕಾರಣವನ್ನಲ್ಲ.