ಗುರಿಯ ಚುಕ್ಕೆಯೂ ತಿರುಪುಮೊಳೆಯೂ

ಹಟ್ಟಿಯ ಚಿನ್ನದ ಗಣಿಯ ನೆರೆಯಲ್ಲಿ ಬೆಳೆದ ಹುಡುಗರಿಗೆ ಗಣಿಬಾವಿಯ ಬಾಯಿಯ ಮೇಲೆ ನಿಂತಿರುವ ಉಕ್ಕಿನ ಗೋಪುರ ಹೊಸದಲ್ಲ. ಆದರೆ ಗಣಿಬಾವಿಯೊಳಕ್ಕೆ ಮನುಷ್ಯರೂ ಯಂತ್ರಗಳೂ ಮಾತ್ರವಲ್ಲದೆ ಒಂದು ದಿಕ್ಕು ಕೂಡ ಇಳಿಯಬೇಕಾಗುತ್ತದೆಂಬುದು ಅನೇಕರಿಗೆ ತಿಳಿಯದು. ನೆಲದಡಿಯಲ್ಲಿ ಸೂರ್ಯನಿಲ್ಲ, ನಕ್ಷತ್ರಗಳಿಲ್ಲ. ದಿಕ್ಸೂಚಿಯ ಸೂಜಿಯನ್ನು ಕಬ್ಬಿಣದ ಹಳಿಗಳೂ ಕೊಳವೆಗಳೂ ದಾರಿ ತಪ್ಪಿಸುತ್ತವೆ. ಆದುದರಿಂದ ನೆಟ್ಟನೆಯ ಗಣಿಬಾವಿಗಳಲ್ಲಿ ಸರ್ವೇಯರುಗಳು ಬಹುಕಾಲದಿಂದ ಅನುಸರಿಸಿಕೊಂಡು ಬಂದ ಕ್ರಮವೊಂದುಂಟು. ಎರಡು ತೆಳ್ಳನೆಯ ತಂತಿಗಳಿಗೆ ಭಾರವಾದ ಗುಂಡುಗಳನ್ನು ಕಟ್ಟಿ ಕೆಳಕ್ಕೆ ಇಳಿಬಿಡುತ್ತಾರೆ. ಅವು ತೂಗಾಡದಿರಲೆಂದು ಎಣ್ಣೆಯ ಇಲ್ಲವೆ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಈ ಎರಡು ತಂತಿಗಳನ್ನು ಸೇರಿಸುವ ರೇಖೆ ಮೇಲೆ ಯಾವ ದಿಕ್ಕಿನಲ್ಲಿದೆಯೋ ಕೆಳಗೂ ಅದೇ ದಿಕ್ಕಿನಲ್ಲಿರುತ್ತದೆ. ಥಿಯೊಡೊಲೈಟಿನಿಂದ ಆ ದಿಕ್ಕನ್ನು ಹಿಡಿದು ಸುರಂಗವನ್ನು ಮುಂದಕ್ಕೆ ಕೊರೆಯುತ್ತಾರೆ.

ಕ್ರಮ ಸರಳವಾದುದು, ಅದರ ಅಪಾಯವೂ ಅಷ್ಟೇ ಸರಳ. ತಂತಿಗಳ ನಡುವಣ ಅಂತರ 3 ಮೀಟರು ಎಂದುಕೊಳ್ಳಿ. ಗಾಳಿಯ ಸೆಳೆತಕ್ಕೆ ಒಂದು ತಂತಿ 1 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿಯಿತು ಎಂದುಕೊಳ್ಳಿ. 300 ಮೀಟರು ಕೊರೆಯುವ ವೇಳೆಗೆ ಸುರಂಗವು 100 ಮಿಲಿಮೀಟರು ದಾರಿ ತಪ್ಪಿರುತ್ತದೆ. ಆಧಾರರೇಖೆ ಗಿಡ್ಡವಾದಷ್ಟೂ ಅದರಲ್ಲಿನ ಸಣ್ಣ ತಪ್ಪು ದೂರದಲ್ಲಿ ದೊಡ್ಡದಾಗಿ ಬೆಳೆಯುತ್ತದೆ.

ಪಿಸ್ತೂಲಿನ ಮೇಲೆ ಕೂರಿಸುವ ಪುಟ್ಟ ಕೆಂಪು ಚುಕ್ಕೆಯ ಗುರಿದರ್ಶಕವನ್ನು ಕುರಿತು ಬರೆಯಹೊರಟು ಗಣಿಯ ಮಾತನ್ನು ಮೊದಲಿಗೆ ಎತ್ತಿದ್ದು ಈ ಲೆಕ್ಕಕ್ಕಾಗಿಯೇ. ಚಲನಚಿತ್ರಗಳಲ್ಲಿಯೂ ಮೊಬೈಲಿನ ಆಟಗಳಲ್ಲಿಯೂ ಈ ಉಪಕರಣವನ್ನು ಕಂಡ ವಿದ್ಯಾರ್ಥಿಗಳು, “ಚುಕ್ಕೆ ಇದ್ದರೆ ಗುರಿ ತಪ್ಪುವುದೇ ಇಲ್ಲವಂತೆ, ನಿಜವೇ ಸಾರ್?” ಎಂದು ತರಗತಿಯಲ್ಲಿ ಕೇಳುತ್ತಾರೆ. ನಿಜವಲ್ಲ. ಚುಕ್ಕೆಯು ತಪ್ಪನ್ನು ತೊಡೆದುಹಾಕುವುದಿಲ್ಲ. ಕಣ್ಣಿನಲ್ಲಿದ್ದ ತಪ್ಪನ್ನು ತಿರುಪುಮೊಳೆಗೆ ವರ್ಗಾಯಿಸುತ್ತದೆ, ಅಷ್ಟೆ. ಹೀಗಿದ್ದರೂ ಜನರು ಹಣವನ್ನೆಲ್ಲ ಗಾಜಿಗೆ ಸುರಿದು, ಅದನ್ನು ಹಿಡಿದು ನಿಲ್ಲಿಸುವ ತಳಕ್ಕೂ ಮೊಳೆಗಳಿಗೂ ಗಮನವನ್ನೇ ಕೊಡುವುದಿಲ್ಲ. ಈ ಕ್ರಮ ತಲೆಕೆಳಗಾದುದೆಂದು ನನ್ನ ಅಭಿಪ್ರಾಯ.

ಮೊದಲು ಹಳೆಯ ಪದ್ಧತಿಯನ್ನು ನೋಡೋಣ. ಸಾಧಾರಣ ಪಿಸ್ತೂಲಿನ ಹಿಂಬದಿಯಲ್ಲಿ ಒಂದು ಕಚ್ಚು, ತುದಿಯಲ್ಲಿ ಒಂದು ಮೊನೆ ಇರುತ್ತವೆ. ಕಚ್ಚಿನ ನಡುವೆ ಮೊನೆಯನ್ನು ಸರಿಯಾಗಿ ತಂದು, ಅದನ್ನು ಗುರಿಗೆ ಹೊಂದಿಸಬೇಕು. ಎನ್. ಸಿ. ಸಿ. ಶಿಬಿರದಲ್ಲಿ .22 ರೈಫಲ್ ಹಿಡಿದವರಿಗೆ ಈ ಪಾಠ ನೆನಪಿರಬಹುದು. ಪಿಸ್ತೂಲಿನಲ್ಲಿ ಇವೆರಡರ ಅಂತರ ಸುಮಾರು 15 ಸೆಂಟಿಮೀಟರು ಮಾತ್ರ. ಮೊನೆ ಕಚ್ಚಿನ ನಡುವಿನಿಂದ 1 ಮಿಲಿಮೀಟರು ಸರಿದರೆ 25 ಮೀಟರು ದೂರದಲ್ಲಿ ಗುಂಡು ಸುಮಾರು 167 ಮಿಲಿಮೀಟರು ಆಚೆ ಬೀಳುತ್ತದೆ. ಗಣಿಯ ತಂತಿಗಳ ಲೆಕ್ಕವೇ ಇದು. ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕಚ್ಚು, ಮೊನೆ, ಗುರಿ ಈ ಮೂರೂ ಮೂರು ದೂರಗಳಲ್ಲಿವೆ. ಕಣ್ಣಿನ ಮಸೂರ ಒಂದು ಕಾಲಕ್ಕೆ ಒಂದನ್ನು ಮಾತ್ರ ಸ್ಫುಟವಾಗಿ ತೋರಿಸಬಲ್ಲದು. ನಲವತ್ತೈದು ದಾಟಿದವರಿಗೆ ಕೈಯಳತೆಯ ದೂರದ ಮೊನೆಯೇ ಮಸುಕಾಗುತ್ತದೆ.

ಈ ತೊಡಕಿಗೆ 1900ರಲ್ಲಿ ಪರಿಹಾರ ಸೂಚಿಸಿದವನು ಬಂದೂಕುಗಾರನಲ್ಲ, ದೂರದರ್ಶಕಗಳನ್ನು ನಿರ್ಮಿಸುತ್ತಿದ್ದ ಡಬ್ಲಿನ್ ನಗರದ ಹವರ್ಡ್ ಗ್ರಬ್. ನಮ್ಮ ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದುದು ಬಲ್ಲವರಿಗೆ ಗೊತ್ತು. ಆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯಕ್ಕೆ 15 ಅಂಗುಲದ ದೊಡ್ಡ ದೂರದರ್ಶಕ ಬಂದದ್ದು ಇದೇ ಗ್ರಬ್ ಮನೆತನದ ಕಾರ್ಖಾನೆಯಿಂದ. ನಕ್ಷತ್ರ ನೋಡುವವನ ಬುದ್ಧಿಗೆ ಹೊಳೆದ ಉಪಾಯವು ಬಂದೂಕಿನ ತಲೆಯೇರಿದ್ದು ವಿಜ್ಞಾನದ ಚರಿತ್ರೆಯಲ್ಲಿ ವಿಚಿತ್ರವೇನೂ ಅಲ್ಲ.

ಆತನ ಉಪಾಯವನ್ನು ಬಂದೂಕಿಲ್ಲದೆಯೇ ನೀವು ಕಣ್ಣಾರೆ ಕಾಣಬಹುದು. ಕಾಲೇಜಿನ ಪ್ರಯೋಗಶಾಲೆಯಿಂದ 20 ಸೆಂಟಿಮೀಟರು ಸಂಗಮದೂರದ ಒಂದು ಪೀನಮಸೂರವನ್ನು ತೆಗೆದುಕೊಳ್ಳಿ. ಮಸೂರದಿಂದ ಸರಿಯಾಗಿ 20 ಸೆಂಟಿಮೀಟರು ಹಿಂದೆ, ಸೂಜಿಯಿಂದ ರಂಧ್ರ ಮಾಡಿದ ತಗಡಿನ ಹಾಳೆಯನ್ನೂ ಅದರ ಬೆನ್ನಿಗೆ ಒಂದು ಕೆಂಪು ಎಲ್. ಇ. ಡಿ. ದೀಪವನ್ನೂ ಇಡಿ. ಮಸೂರದ ಮುಂದೆ ಸಾದಾ ಗಾಜಿನ ತುಂಡೊಂದನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಮುಸ್ಸಂಜೆಯ ಹೊತ್ತಿಗೆ, ಗಾಜಿನಲ್ಲಿ ಪ್ರತಿಫಲಿಸಿದ ಬೆಳಕು ಕಣ್ಣಿಗೆ ಬೀಳುವಂತೆ ನಿಂತು, ಗಾಜಿನ ಮೂಲಕ ದೂರದ ಗಣಿಗೋಪುರವನ್ನು ನೋಡಿ. ಗೋಪುರದ ಮೇಲೆ ಒಂದು ಕೆಂಪು ಚುಕ್ಕೆ ಅಂಟಿಸಿದಂತೆ ಕಾಣುವುದು! ತಲೆಯನ್ನು ಆಚೀಚೆ ಸರಿಸಿ; ಚುಕ್ಕೆ ಗೋಪುರವನ್ನು ಬಿಡದು. ಏಕೆಂದರೆ ಸಂಗಮಬಿಂದುವಿನಿಂದ ಹೊರಟ ಕಿರಣಗಳು ಮಸೂರವನ್ನು ದಾಟಿ ಸಮಾಂತರವಾಗಿ ಬರುತ್ತವೆ. ಚುಕ್ಕೆಯು ಅನಂತ ದೂರದಲ್ಲಿರುವಂತೆ ಕಣ್ಣು ಭಾವಿಸುತ್ತದೆ. ಈಗ ರಂಧ್ರವನ್ನು 18 ಸೆಂಟಿಮೀಟರಿಗೆ ತನ್ನಿ. ಚುಕ್ಕೆಯು ಮಸೂರದಿಂದ ಬರೀ 180 ಸೆಂಟಿಮೀಟರು ಆಚೆಗೆ ಬಂದು ನಿಲ್ಲುತ್ತದೆ, ತಲೆ ಅಲ್ಲಾಡಿದಂತೆಲ್ಲ ಗೋಪುರದ ಮೇಲಿನಿಂದ ಜಾರುತ್ತದೆ. ಪ್ಯಾರಲಾಕ್ಸ್ ಎಂದು ಎರಡು ಅಂಕಗಳ ಪ್ರಶ್ನೆಗೆ ಬಾಯಿಪಾಠ ಮಾಡುವ ವಿಷಯ ಇದೇ.

ಇಂದಿನ ಗುರಿದರ್ಶಕಗಳಲ್ಲಿ ಮಸೂರ, ಗಾಜು ಎರಡರ ಕೆಲಸವನ್ನೂ ಬಾಗಿದ ಒಂದೇ ಗಾಜು ಮಾಡುತ್ತದೆ. ಅದರ ಮೇಲಿನ ತೆಳ್ಳನೆಯ ಲೇಪ ಎಲ್. ಇ. ಡಿ.ಯ ಕೆಂಪನ್ನು ಮಾತ್ರ ಹಿಂದಕ್ಕೆ ಕಳುಹಿಸಿ ಉಳಿದ ಬಣ್ಣಗಳನ್ನು ಹೊರಗಿನಿಂದ ಒಳಕ್ಕೆ ಬಿಡುತ್ತದೆ. ಆದ್ದರಿಂದಲೇ ಅದರ ಮೂಲಕ ಕಾಣುವ ಲೋಕಕ್ಕೆ ತುಸು ನೀಲಿಯ ಛಾಯೆ. ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ಇಂಥ ವಿದ್ಯುತ್ ಚುಕ್ಕೆಯನ್ನು 1975ರಲ್ಲಿ ಮಾರುಕಟ್ಟೆಗೆ ತಂದಿತು. ಅನೇಕರು ಇದನ್ನು ಲೇಸರ್ ಎಂದು ಭ್ರಮಿಸುತ್ತಾರೆ. ಲೇಸರು ಗುರಿಯ ಮೇಲೆ ಬೆಳಕನ್ನು ಚೆಲ್ಲುತ್ತದೆ. ಇಲ್ಲಿ ಗುರಿಯ ಮೇಲೆ ಏನೂ ಬೀಳುವುದಿಲ್ಲ, ಚುಕ್ಕೆ ಕಾಣುವುದು ನೋಡುವವನ ಕಣ್ಣಿಗೆ ಮಾತ್ರ.

ಜಾಹೀರಾತುಗಳಲ್ಲಿ “ಪ್ಯಾರಲಾಕ್ಸ್ ಇಲ್ಲವೇ ಇಲ್ಲ” ಎಂಬ ಮಾತು ಬರುತ್ತದೆ. ಇದನ್ನು ಸ್ವಲ್ಪ ಉಪ್ಪು ಖಾರ ತೆಗೆದು ಓದಬೇಕು. ಕಿರಣಗಳು ಸಂಪೂರ್ಣ ಸಮಾಂತರವಾಗಿದ್ದರೂ, ಕಣ್ಣು ಗಾಜಿನ ನಡುವಿನಿಂದ ಅಂಚಿಗೆ ಸರಿದರೆ ದೃಷ್ಟಿರೇಖೆಯೂ ಅಷ್ಟೇ ಸರಿಯುತ್ತದೆ. ಗಾಜಿನ ಅಗಲ 2 ಸೆಂಟಿಮೀಟರು ಇದ್ದರೆ ಈ ತಪ್ಪು ಯಾವ ದೂರದಲ್ಲಿಯೂ 1 ಸೆಂಟಿಮೀಟರನ್ನು ಮೀರಲಾರದು. ಇದು ಸಹ್ಯವಾದುದೇ. ಗಾಜಿನ ಬಾಗು ಕುಂದುಳ್ಳದ್ದಾದರೆ ಮಾತ್ರ ಅಂಚಿನಲ್ಲಿ ತಪ್ಪು ಹೆಚ್ಚುತ್ತದೆ.

ಇನ್ನು ಆಯ್ಕೆಯ ವಿಚಾರ. ಚುಕ್ಕೆಯ ಗಾತ್ರವನ್ನು ಕೋನದ ಮಿನಿಟುಗಳಲ್ಲಿ ಹೇಳುತ್ತಾರೆ. ಒಂದು ಮಿನಿಟು ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ, 25 ಮೀಟರು ದೂರದಲ್ಲಿ ಸುಮಾರು 7 ಮಿಲಿಮೀಟರು. 6 ಮಿನಿಟಿನ ಚುಕ್ಕೆ ಅಲ್ಲಿ ಸುಮಾರು 44 ಮಿಲಿಮೀಟರನ್ನು ಮುಚ್ಚುತ್ತದೆ. 25 ಮೀಟರಿನ ನಿಖರ ಸ್ಪರ್ಧೆಯ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿಲಿಮೀಟರು ಎಂಬುದನ್ನು ನೆನೆದರೆ ಇದರ ಅಳತೆ ತಿಳಿದೀತು. ದೊಡ್ಡ ಚುಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ, ಚಿಕ್ಕದು ಸೂಕ್ಷ್ಮವಾಗಿ ಗುರಿ ಹಿಡಿಯುತ್ತದೆ. ದೀಪವೂ ಗಾಜೂ ಬಯಲಿಗೆ ತೆರೆದುಕೊಂಡಿರುವ ಮಾದರಿಯಲ್ಲಿ ಒಂದು ಹನಿ ನೀರು ಅಥವಾ ನಮ್ಮ ಕಡೆಯ ಕೆಂಧೂಳು ದೀಪದ ಮೇಲೆ ಕೂತರೆ ಚುಕ್ಕೆ ಕೆಡುತ್ತದೆ. ಮುಚ್ಚಿದ ಪೆಟ್ಟಿಗೆಯ ಮಾದರಿ ಧೂಳಿನ ನಾಡಿಗೆ ಮೇಲು. ಚುಕ್ಕೆ ದುಂಡಗೆ ಕಾಣದೆ ಬಾಲ ಬಿಟ್ಟಂತೆ ಕಂಡರೆ ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವ ಮುನ್ನ ಅದರ ಛಾಯಾಚಿತ್ರ ತೆಗೆಯಿರಿ. ಚಿತ್ರದಲ್ಲಿ ದುಂಡಗಿದ್ದರೆ ದೋಷ ಕಣ್ಣಿನದು, ಕನ್ನಡಕದ ವೈದ್ಯರನ್ನು ಕಾಣಬೇಕಾದದ್ದು ನೀವು.

ಇಷ್ಟೆಲ್ಲ ಗಾಜಿನ ಮಾತಾಯಿತು. ಗಾಜು ಕೂರುವ ತಳ ಎಷ್ಟು ಉದ್ದ? ಸುಮಾರು 4 ಸೆಂಟಿಮೀಟರು. ಕಚ್ಚು ಮೊನೆಗಳ 15 ಸೆಂಟಿಮೀಟರಿನ ಆಧಾರರೇಖೆ ಗಿಡ್ಡವಾಯಿತೆಂದು ದೂರಿದ ನಾವು ಈಗ 4 ಸೆಂಟಿಮೀಟರಿಗೆ ಇಳಿದಿದ್ದೇವೆ! ತಳದ ಒಂದು ತುದಿಯಲ್ಲಿ ಕೂದಲೆಳೆಯಷ್ಟು, ಅಂದರೆ 0.1 ಮಿಲಿಮೀಟರು, ಎತ್ತರ ವ್ಯತ್ಯಾಸವಾದರೆ 25 ಮೀಟರಿನಲ್ಲಿ ತಪ್ಪು 62 ಮಿಲಿಮೀಟರಿಗೂ ಹೆಚ್ಚು. ಈ ಓರೆ ಸ್ಥಿರವಾಗಿದ್ದರೆ ಚಿಂತೆಯಿಲ್ಲ; ಸರಿಪಡಿಸುವ ತಿರುಪುಗಳು ಅದಕ್ಕಾಗಿಯೇ ಇವೆ. ಒಂದು ಗುಂಡಿಗೂ ಮುಂದಿನ ಗುಂಡಿಗೂ ನಡುವೆ ಓರೆ ಬದಲಾಗುತ್ತಿದ್ದರೆ ಮಾತ್ರ ಅದಕ್ಕೆ ಮದ್ದಿಲ್ಲ. ಸ್ವಯಂಚಾಲಿತ ಪಿಸ್ತೂಲಿನಲ್ಲಿ ಗುರಿದರ್ಶಕ ಕೂರುವುದು ಪ್ರತಿ ಹೊಡೆತಕ್ಕೂ ಹಿಂದಕ್ಕೆ ಚಿಮ್ಮಿ ಮುಂದಕ್ಕೆ ಬಡಿಯುವ ಸ್ಲೈಡಿನ ಮೇಲೆ. ಕೆಲವು ಸ್ಪರ್ಧಾ ಪಿಸ್ತೂಲುಗಳಲ್ಲಿ ಅದನ್ನು ಸ್ಲೈಡಿಗೆ ತಾಗದಂತೆ ಕೆಳಗಿನ ಚೌಕಟ್ಟಿಗೆ ಸೇತುವೆ ಕಟ್ಟಿ ನಿಲ್ಲಿಸುತ್ತಾರೆ. ಬಲ್ಲವರ ಕೆಲಸ ಅದು.

ಇನ್ನೊಂದು ತೊಂದರೆಯೆಂದರೆ ಎಲ್ಲ ತಯಾರಕರ ಗುರಿದರ್ಶಕಗಳಿಗೂ ಒಂದೇ ಬಗೆಯ ತೂತುಗಳಿಲ್ಲ. ಗ್ಲಾಕ್ ಸಂಸ್ಥೆ 2015ರಲ್ಲಿ ಮಾಡಿದಂತೆ, ನಡುವೆ ಬೇರೆ ಬೇರೆ ತಗಡುಫಲಕಗಳನ್ನಿಟ್ಟು ಹಲವು ಮಾದರಿಗಳನ್ನು ಹೊಂದಿಸುವ ಏರ್ಪಾಡು ಅನುಕೂಲಕರ. ಆದರೆ ಪ್ರತಿ ಫಲಕವೂ ಇನ್ನೊಂದು ಬೆಸುಗೆಯಿಲ್ಲದ ಕೀಲು, ಇನ್ನೆರಡು ಸಡಿಲಾಗಬಲ್ಲ ಮೊಳೆಗಳು. ಸ್ಲೈಡಿನಲ್ಲಿಯೇ ಅಳತೆಗೆ ತಕ್ಕಂತೆ ಕೊರೆದು ಕೂರಿಸಿದ್ದು ಮೇಲೆಂದೇ ನಾನು ಹೇಳುತ್ತೇನೆ. ಕೂರಿಸುವವನು ಮೊದಲು ಆಯುಧ ಖಾಲಿಯಾಗಿದೆಯೆಂದು ಎರಡು ಸಲ ನೋಡಬೇಕು. ಮೊಳೆಯ ಮತ್ತು ತೂತಿನ ಎಣ್ಣೆಯನ್ನು ಪೂರ್ತಿ ಒರೆಸಿ, ಮೊಳೆ ಸಡಿಲಾಗದಂತೆ ಹಿಡಿಯುವ ಅಂಟನ್ನು ತೊಟ್ಟಷ್ಟೇ ಹಚ್ಚಿ, ತಯಾರಕರು ಹೇಳಿದ ಬಲಕ್ಕೆ ಅಳತೆಯ ತಿರುಪುಳಿಯಿಂದ ಬಿಗಿಯಬೇಕು. ಮೊಳೆ ಗಿಡ್ಡವಾದರೆ ಎಳೆಗಳು ಕಿತ್ತುಬರುತ್ತವೆ. ಉದ್ದವಾದರೆ ಕೆಳಗೆ ಚಲಿಸುವ ಭಾಗಗಳಿಗೆ ತಗಲುತ್ತದೆ. ಕೊನೆಗೆ ಮೊಳೆಯ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆದರೆ, ಮೊಳೆ ತುಸು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ನೂರಾರು ಡಾಲರಿನ ಗಾಜಿಗಿಂತ ಈ ಗೆರೆಯಲ್ಲಿ ನನಗೆ ಹೆಚ್ಚು ನಂಬಿಕೆ. ಆಮೇಲೆ ಐದಾರು ಗುಂಡು ಹಾರಿಸಿ ಅವುಗಳ ಗುಂಪಿನ ನಡುವನ್ನು ನೋಡಿ ಚುಕ್ಕೆಯನ್ನು ಸರಿಪಡಿಸಬೇಕೇ ಹೊರತು ಒಂದೊಂದು ಗುಂಡಿಗೂ ತಿರುಪು ತಿರುಗಿಸುತ್ತ ಕೂರಬಾರದು.

ಪಿಸ್ತೂಲು ನಮಗೆಲ್ಲಿ ಬಂತು ಎಂದು ನೀವು ಕೇಳಬಹುದು. ನ್ಯಾಯವೇ. 1959ರ ಶಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಅದನ್ನು ಮುಟ್ಟುವಂತಿಲ್ಲ, ಮುಟ್ಟಬೇಕೆಂದು ನಾನು ಹೇಳುತ್ತಲೂ ಇಲ್ಲ. ಆದರೆ ಇದೇ ಚುಕ್ಕೆ ಇನ್ನೊಂದು ವೇಷದಲ್ಲಿ ನಿಮ್ಮ ಕೈಗೆ ಬರುತ್ತದೆ. ಸಣ್ಣ ದೂರದರ್ಶಕಗಳ ಬೆನ್ನಿನ ಮೇಲೆ ಗ್ರಹವನ್ನು ಹುಡುಕಲು ಇರುವ ಸಾಧನ ಇದೇ ಕೆಂಪು ಚುಕ್ಕೆ. ಕೆಲವು ವರ್ಷಗಳ ಹಿಂದೆ ನಾನು ವಿದ್ಯಾರ್ಥಿಗಳಿಗೆ ಶನಿಯ ಉಂಗುರ ತೋರಿಸಲು ಇಂಥದೊಂದನ್ನು ತಂದಿದ್ದೆ. ಚುಕ್ಕೆಯ ತಳಕ್ಕೆ ಮೊಳೆಗಳ ಬದಲು ಎರಡು ಬದಿಗೂ ಅಂಟಿರುವ ಟೇಪು ಇತ್ತು. ಹಿಂದಿನ ಸಂಜೆ ಗಣಿಗೋಪುರಕ್ಕೆ ಹೊಂದಿಸಿ ಇಟ್ಟಿದ್ದೆ. ಮರುದಿನದ ನಮ್ಮ ಬೇಸಗೆಯ ಬಿಸಿಲಿಗೆ ಟೇಪು ಮೆತ್ತಗಾಗಿ ಚುಕ್ಕೆ ಜಾರಿತ್ತು. ನಲವತ್ತು ಹುಡುಗರು ಸಾಲಾಗಿ ನಿಂತಿದ್ದರು. ಚುಕ್ಕೆಯೇನೋ ಶನಿಯ ಮೇಲೆಯೇ ಕೂತಿತ್ತು. ದೂರದರ್ಶಕದಲ್ಲಿ ಬರೀ ಕತ್ತಲೆ. ಅರ್ಧ ಗಂಟೆ ಹುಡುಕುವಷ್ಟರಲ್ಲಿ ಮೋಡ ಕವಿಯಿತು, ಹುಡುಗರು ಚದರಿದರು. ಅವರಲ್ಲೊಬ್ಬ, “ಮುಂದಿನ ಸಲ ತೋರಿಸಿ ಸಾರ್” ಎಂದು ನನಗೇ ಸಮಾಧಾನ ಹೇಳಿ ಹೋದ. ದೂರದರ್ಶಕದ ಮಸೂರಕ್ಕೆ ಎಣಿಸಿ ಎಣಿಸಿ ಹಣ ಕೊಟ್ಟವನು ನಾನೇ. ತಳವನ್ನು ಬೆರಳಿನಿಂದ ಅಲ್ಲಾಡಿಸಿ ನೋಡದವನೂ ನಾನೇ.

ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ಪಿಸ್ತೂಲ್ ಸ್ಪರ್ಧೆಗಳಲ್ಲಿ ಕೆಂಪು ಚುಕ್ಕೆಗೆ ಇಂದಿಗೂ ಪ್ರವೇಶವಿಲ್ಲ. ಅಲ್ಲಿ ತೆರೆದ ಕಚ್ಚು ಮೊನೆಗಳದೇ ಆಡಳಿತ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿಯ ಪದಕ ಗಳಿಸಿದ್ದು ಅದರಿಂದಲೇ. ಅಲ್ಲಿನ ಹತ್ತು ಅಂಕದ ವೃತ್ತ 11.5 ಮಿಲಿಮೀಟರು ಮಾತ್ರ, ಅಂಗಿಯ ಗುಂಡಿಯಷ್ಟು.

ಗಾಜು ಮಸೂರಗಳ ಪ್ರಯೋಗವನ್ನು ಮಾಡುವವರು ಮೊದಲ ದಿನ ಮಸೂರದ ಕಾಲನ್ನು ಸಡಿಲವಾಗಿಟ್ಟೇ ನೋಡಿ, ಮೇಜನ್ನು ಮೆಲ್ಲಗೆ ತಟ್ಟಿ. ಚುಕ್ಕೆ ಗೋಪುರದ ತುದಿಯಿಂದ ಎತ್ತ ಸರಿಯಿತೆಂದು ಗುರುತು ಹಾಕಿಕೊಳ್ಳಿ. ಎರಡನೆಯ ದಿನ ಬಿಗಿದು ಅದೇ ಮೇಜನ್ನು ಅಷ್ಟೇ ತಟ್ಟಿ. ಎರಡು ಅಂಕಿಗಳನ್ನೂ ಈ ಪತ್ರಿಕೆಗೆ ಬರೆದು ಕಳುಹಿಸಿದರೆ ನಾನು ಸಂತೋಷದಿಂದ ಓದುವೆನು.